ಏರಿತೋ, ಏರಿಸಿದರೋ? ಬೆಲೆಯ ಮಾತನ್ನು ಇಂಗ್ಲಿಷಿನಲ್ಲಿ ಆಡುವ ಬಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ವಾಣಿಜ್ಯ ಇಂಗ್ಲಿಷ್’ ಎಂದು ಹಾಕಿದ್ದಾರೆ. ಹೆಸರು ದೊಡ್ಡದು, ವಿಷಯ ಸಣ್ಣದು. ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸಾಬೂನು, ಬಿಸ್ಕತ್ತು, ಚಹಾಪುಡಿ ಯಾವ ತಿಂಗಳು ಎಷ್ಟು ಮಾರಾಟವಾಯಿತು, ಜನ ಯಾವುದನ್ನು ಬಿಟ್ಟು ಯಾವುದನ್ನು ಕೊಳ್ಳುತ್ತಿದ್ದಾರೆ ಎಂದು ಅಂಕಿ ಅಂಶ ನೋಡಿ ವರದಿ ಬರೆಯುವುದು ಅಲ್ಲಿನ ಕೆಲಸ. ವರದಿಯೆಲ್ಲ ಇಂಗ್ಲಿಷಿನಲ್ಲೇ. ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಹೇಗೆ ಮಾಡುತ್ತೀರಿ ಎಂದು ಹಲವರು ಕೇಳುತ್ತಾರೆ. ನನ್ನ ಉತ್ತರ ಒಂದೇ. ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಎಂದರೆ ಸುಮಾರು ಇಪ್ಪತ್ತು ಕ್ರಿಯಾಪದ, ನಾಲ್ಕೈದು ಪ್ರಿಪೊಸಿಷನ್. ಅದರ ವ್ಯಾಕರಣದ ಬಹುಭಾಗವನ್ನು ನಮ್ಮ ಕನ್ನಡ ಮೇಷ್ಟ್ರು ಎಂಟನೇ ತರಗತಿಯಲ್ಲೇ ಕಲಿಸಿದ್ದರು. ಅದು ಇಂಗ್ಲಿಷಿಗೂ ಬರುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ, ಅಷ್ಟೇ. ಇವತ್ತು ನಾನು ಹೇಳುತ್ತೇನೆ.

ಮೊದಲು ವಿಭಕ್ತಿ ಪ್ರತ್ಯಯ. ನಮ್ಮ ಕಾಲದಲ್ಲಿ ಇದನ್ನು ನಿಂತು ಒಪ್ಪಿಸಬೇಕಿತ್ತು. ಬೋರ್ಡಿನ ಮೇಲೆ ಈ ವಾಕ್ಯ ಬರೆದಿದ್ದೇನೆ ನೋಡಿ: ‘ಬೀನ್ಸ್ ಬೆಲೆ ಐವತ್ತರಿಂದ ಅರವತ್ತಕ್ಕೆ, ಅಂದರೆ ಹತ್ತು ರೂಪಾಯಿಯಷ್ಟು ಏರಿ, ಈಗ ಅರವತ್ತರಲ್ಲಿ ನಿಂತಿದೆ.’ ಸಂತೆಯಲ್ಲಿ ಯಾರು ಬೇಕಾದರೂ ಆಡುವ ಮಾತು. ಇದರಲ್ಲಿ ‘ಇಂದ’ ಎನ್ನುವುದು ಇಂಗ್ಲಿಷಿನಲ್ಲಿ ಫ್ರಂ. ‘ಕ್ಕೆ’ ಎನ್ನುವುದು ಟು. ‘ಅಷ್ಟು’ ಎನ್ನುವುದು ಬೈ. ‘ಅಲ್ಲಿ’ ಎನ್ನುವುದು ಆ್ಯಟ್. ದಿ ಪ್ರೈಸ್ ರೋಸ್ ಬೈ ಟೆನ್ ರುಪೀಸ್, ಫ್ರಂ ಫಿಫ್ಟಿ ಟು ಸಿಕ್ಸ್ಟಿ. ಇಟ್ ನೌ ಸ್ಟ್ಯಾಂಡ್ಸ್ ಆ್ಯಟ್ ಸಿಕ್ಸ್ಟಿ. ಮುಗಿಯಿತು.

ಇದು ಇಷ್ಟು ಸುಲಭವಾದರೆ ತಪ್ಪುವುದೆಲ್ಲಿ? ಬೈ ಮತ್ತು ಟು ನಡುವೆ. ‘ಶೇಕಡ 20ಕ್ಕೆ ಇಳಿಯಿತು’ ಎನ್ನುವುದಕ್ಕೂ ‘ಶೇಕಡ 20ರಷ್ಟು ಇಳಿಯಿತು’ ಎನ್ನುವುದಕ್ಕೂ ಅಜಗಜಾಂತರ. ನೂರು ರೂಪಾಯಿಯ ಸಾಮಾನು ಶೇಕಡ 20ರಷ್ಟು ಇಳಿದರೆ 80 ರೂಪಾಯಿ. ಹಳೆಯ ಬೆಲೆಯ ಶೇಕಡ 20ಕ್ಕೆ ಇಳಿದರೆ 20 ರೂಪಾಯಿ. ನಮ್ಮ ಪತ್ರಿಕೆಗಳಲ್ಲೂ ಇದು ಅದಲು ಬದಲಾಗುವುದುಂಟು. ಕನ್ನಡದಲ್ಲಿ ‘ಕ್ಕೆ’ ಮತ್ತು ‘ರಷ್ಟು’ ಎಂದು ಸರಿಯಾಗಿ ಹೇಳುವವನಿಗೆ ಇಂಗ್ಲಿಷಿನಲ್ಲಿ ಟು ಮತ್ತು ಬೈ ತಪ್ಪಲು ಕಾರಣವೇ ಇಲ್ಲ.

ಎರಡನೆಯದು, ನನ್ನ ಭಾಷಣದ ತಲೆಬರಹದಲ್ಲಿರುವುದು. ಏರು, ಏರಿಸು. ಇಳಿ, ಇಳಿಸು. ಕನ್ನಡದಲ್ಲಿ ‘ಇಸು’ ಸೇರಿಸಿದರೆ ಮಾಡಿದವನೊಬ್ಬ ಹಿಂದಿದ್ದಾನೆ ಎಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಒಂದೇ ಬಾಲ ಇಲ್ಲ, ಪದವೇ ಬೇರೆ. ಏರು ಎಂದರೆ ರೈಸ್, ಏರಿಸು ಎಂದರೆ ರೇಯ್ಸ್. ಅನ್ನದ ರೈಸೂ ಅಲ್ಲ, ಕುದುರೆ ರೇಸೂ ಅಲ್ಲ. ಇಳಿ ಎಂದರೆ ಫಾಲ್, ಇಳಿಸು ಎಂದರೆ ಲೋಯರ್, ಇಲ್ಲವೇ ಕಟ್. ಟೊಮೆಟೊ ಬೆಲೆ ಏರುತ್ತದೆ, ಯಾರೂ ಏರಿಸುವುದಿಲ್ಲ. ಮಳೆ, ರೋಗ, ಆವಕ ಸೇರಿ ಅದನ್ನು ತೀರ್ಮಾನಿಸುತ್ತವೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಟೊಮೆಟೊ ಪ್ರೈಸಸ್ ರೋಸ್ ಎನ್ನುವುದೇ ಸರಿ. ಬಸ್ ಟಿಕೆಟ್ ಹಾಗಲ್ಲ. ಅದು ತಾನಾಗಿ ಏರುವುದಿಲ್ಲ. 2025ರ ಜನವರಿ 5ರಿಂದ ನಮ್ಮ ಸರ್ಕಾರಿ ಬಸ್ಸುಗಳ ದರ ಶೇಕಡ 15ರಷ್ಟು ಹೆಚ್ಚಾಯಿತು. ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಅದು ಗೊತ್ತೇ ಆಗಲಿಲ್ಲ, ಟಿಕೆಟ್ ಉಚಿತ. ಗಂಡಸರು ಜೇಬು ಮುಟ್ಟಿ ನೋಡಿಕೊಂಡರು. ಅಲ್ಲಿ ರೇಯ್ಸ್ ಎನ್ನಬೇಕು, ಏಕೆಂದರೆ ಒಬ್ಬರು ಕೂತು ತೀರ್ಮಾನ ಮಾಡಿದ್ದಾರೆ.

ಇಂಗ್ಲಿಷಿನಲ್ಲಿ ಇನ್‌ಕ್ರೀಸ್ ಎಂಬ ಇನ್ನೊಂದು ಪದವಿದೆ. ಅದು ಏರು, ಏರಿಸು ಎರಡಕ್ಕೂ ಸಲ್ಲುತ್ತದೆ. ಯಾರು ಮಾಡಿದರು ಎನ್ನುವುದನ್ನು ಹೇಳಲು ಇಷ್ಟವಿಲ್ಲದವರಿಗೆ ಅದು ಬಹಳ ಅನುಕೂಲ. ಪ್ರೈಸಸ್ ಹ್ಯಾವ್ ಇನ್‌ಕ್ರೀಸ್ಡ್ ಎಂದರೆ ಬೆಲೆಗಳು ಬಿಸಿಲಿಗೆ ಉಬ್ಬಿದಂತೆ ತಾವೇ ಏರಿದವು ಎಂದು ಕೇಳಿಸುತ್ತದೆ. ಇದಕ್ಕಿಂತ ಒಂದು ಕೈ ಮೇಲಿನದು ರಿವೈಸ್ಡ್. ‘ದರಗಳನ್ನು ರಿವೈಸ್ ಮಾಡಲಾಗಿದೆ.’ ರಿವಿಷನ್ ಎಂದರೆ ಪರೀಕ್ಷೆಗೆ ಮುಂಚೆ ನೀವು ಮಾಡುವುದು, ಮತ್ತೆ ನೋಡುವುದು. ಮತ್ತೆ ನೋಡಿದಾಗ ಬೆಲೆ ಕಡಿಮೆ ಆಗಲೂಬಹುದಲ್ಲ? ನನ್ನ ಅನುಭವದಲ್ಲಿ ಆಗುವುದು ಬಹಳ ಅಪರೂಪ. ಕನ್ನಡವೂ ಈ ವಿದ್ಯೆ ಕಲಿತಿದೆ, ‘ದರ ಪರಿಷ್ಕರಣೆ’ ಎಂಬ ಪದ ನೋಡಿ. ಇಂಥ ವಾಕ್ಯ ಓದಿದಾಗ ಮಕ್ಕಳೇ, ಕರ್ತೃ ಯಾರು ಎಂದು ಹುಡುಕಿ. ಕರ್ತೃ, ಕರ್ಮ, ಕ್ರಿಯೆ ಗುರುತಿಸಿ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕ ಬಂದರೆ ಇಲ್ಲಿ ಕಾಸು ಉಳಿಯುತ್ತದೆ.

ಕಾಲಗಳ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಏರಿತು, ರೋಸ್. ಏರಿದೆ, ಹ್ಯಾಸ್ ರಿಸನ್. ಏರುತ್ತಿದೆ, ಈಸ್ ರೈಸಿಂಗ್. ಏರಿತ್ತು, ಹ್ಯಾಡ್ ರಿಸನ್. ಹೋದ ತಿಂಗಳು, ಹೋದ ವರ್ಷ ಎಂದು ಮುಗಿದ ಕಾಲದ ಹೆಸರು ಹೇಳಿದರೆ ರೋಸ್. ಜನವರಿಯಿಂದ ಈಚೆಗೆ, ಇವತ್ತಿನವರೆಗೆ ಎಂದರೆ ಹ್ಯಾಸ್ ರಿಸನ್. ನಾಲ್ಕಕ್ಕೆ ನಾಲ್ಕೂ ಹೆಚ್ಚು ಕಡಿಮೆ ಒಂದೇ ಅಚ್ಚಿನಲ್ಲಿ ಬೀಳುತ್ತವೆ. ಐದನೆಯದು ಇನ್ನೂ ಸ್ವಾರಸ್ಯ: ಏರೀತು. ಸಂಭಾವನಾರ್ಥಕ ರೂಪ. ಏರಬಹುದು, ಏರದೆಯೂ ಇರಬಹುದು. ಮೇ ರೈಸ್, ಈಸ್ ಲೈಕ್ಲಿ ಟು ರೈಸ್, ಈಸ್ ಎಕ್ಸ್‌ಪೆಕ್ಟೆಡ್ ಟು ರೈಸ್, ಇವೆಲ್ಲ ನಮ್ಮ ‘ಏರೀತು’ವಿನ ಅಣ್ಣತಮ್ಮಂದಿರು. ಮುಂದಿನ ವರ್ಷದ ಬೆಲೆಯ ಬಗ್ಗೆ ವಿಲ್ ರೈಸ್ ಎಂದು ಬರೆದ ವರದಿ ಬಂದರೆ ನಾನು ಕೆಂಪು ಪೆನ್ನು ತೆಗೆಯುತ್ತೇನೆ. ಊರಿಗೆ ಬಂದು ಹಣ ದ್ವಿಗುಣವಾಗುತ್ತದೆ ಎನ್ನುವವರ ಇಂಗ್ಲಿಷ್ ಕರಪತ್ರ ನೋಡಿ. ಕಾಗದದ ಮೇಲೆ ಮೇ ಎಂದಿರುತ್ತದೆ, ಅದೂ ಸಣ್ಣ ಅಕ್ಷರದಲ್ಲಿ. ಬಾಯಿಮಾತಿನಲ್ಲಿ ವಿಲ್ ಎಂದಿರುತ್ತದೆ. ಆ ಒಂದು ಪದದ ಅಂತರದಲ್ಲಿ ಎಷ್ಟು ಮನೆಗಳ ಉಳಿತಾಯ ಹೋಗಿದೆ ಎಂದು ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಹಿರಿಯರೂ ಸ್ವಲ್ಪ ಗಮನ ಕೊಡಬೇಕು.

ಟಿ.ವಿ.ಯಲ್ಲಿ ‘ಹಣದುಬ್ಬರ ಇಳಿಕೆ’ ಎಂದು ಬರುತ್ತದೆ. ಮನೆಯಲ್ಲಿ ಅಮ್ಮ, ‘ಎಲ್ಲಿ ಇಳಿದಿದೆ? ಅಂಗಡಿಗೆ ಹೋಗಿ ನೋಡಲಿ’ ಎನ್ನುತ್ತಾರೆ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ತಿಳಿಯುತ್ತೇವೆ. ಇಬ್ಬರೂ ಹೇಳುತ್ತಿರುವುದು ನಿಜ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವ ಬಸ್ಸನ್ನು ನೆನೆಸಿಕೊಳ್ಳಿ. ಮೊದಲು ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿತ್ತು, ತಿರುವು ಬಂದಾಗ ಹದಿನೈದಕ್ಕೆ ಇಳಿಯಿತು. ಬಸ್ಸು ಇಳಿಯುತ್ತಿದೆಯೇ? ಇಲ್ಲ, ಹತ್ತುತ್ತಲೇ ಇದೆ. ಇಳಿದದ್ದು ವೇಗ. ಹಣದುಬ್ಬರ ಎನ್ನುವುದು ಬೆಲೆಯಲ್ಲ, ಬೆಲೆ ಏರುವ ವೇಗ.

ಲೆಕ್ಕ ಹಾಕಿ. 2023ರ ಜುಲೈನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇಕಡ 7.44 ಇತ್ತು. ಮರುವರ್ಷ ಜುಲೈನಲ್ಲಿ ಶೇಕಡ ಮೂರೂವರೆಯ ಆಸುಪಾಸಿಗೆ ಬಂತು. ಅರ್ಧಕ್ಕಿಂತ ಕಡಿಮೆ. ಹಾಗಾದರೆ ಸಾಮಾನಿನ ಬೆಲೆ ಅರ್ಧವಾಯಿತೇ? 2022ರ ಜುಲೈನಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನು 2023ರಲ್ಲಿ ಸರಾಸರಿ 107 ರೂಪಾಯಿ 44 ಪೈಸೆ ಆಯಿತು. ಆ 107ರ ಮೇಲೆ ಮತ್ತೆ ಮೂರೂವರೆ ಸೇರಿ 2024ರಲ್ಲಿ 111 ರೂಪಾಯಿ ದಾಟಿತು. ಹಣದುಬ್ಬರ ಇಳಿದದ್ದೂ ನಿಜ, ಅಮ್ಮನ ಬೇಳೆ ಡಬ್ಬಿ ದುಬಾರಿಯಾದದ್ದೂ ನಿಜ.

ಇಂಗ್ಲಿಷಿನಲ್ಲಿ ಈ ವೇಗದ ಇಳಿಕೆಗೆ ಪ್ರತ್ಯೇಕ ಕ್ರಿಯಾಪದಗಳೇ ಇವೆ. ಇನ್‌ಫ್ಲೇಷನ್ ಈಸ್ಡ್, ಮಾಡರೇಟೆಡ್, ಕೂಲ್ಡ್, ಸಾಫ್ಟನ್ಡ್. ರಿಸರ್ವ್ ಬ್ಯಾಂಕಿನ ಹೇಳಿಕೆಗಳಲ್ಲಿ ಮಾಡರೇಟ್ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ವೇಗ ತಗ್ಗುವುದಕ್ಕೆ ಡಿಸ್‌ಇನ್‌ಫ್ಲೇಷನ್ ಎನ್ನುತ್ತಾರೆ, ಬೆಲೆಗಳೇ ಒಟ್ಟಾರೆ ಇಳಿಯುವುದಕ್ಕೆ ಡಿಫ್ಲೇಷನ್ ಎನ್ನುತ್ತಾರೆ. ನಮ್ಮ ರಿಸರ್ವ್ ಬ್ಯಾಂಕಿನ ಗುರಿಯೂ ಬೆಲೆ ಇಳಿಸುವುದಲ್ಲ. ಹಣದುಬ್ಬರವನ್ನು ಶೇಕಡ 4ರ ಹತ್ತಿರ, ಎರಡರಷ್ಟು ಆಚೆ ಈಚೆ ಬಿಟ್ಟು, 2ರಿಂದ 6ರ ಒಳಗೆ ಇರಿಸುವುದು. ಅಂದರೆ ಗುರಿ ಮುಟ್ಟಿದ ವರ್ಷವೂ ಬೆಲೆ ಏರಿಯೇ ಇರುತ್ತದೆ, ಮೆಲ್ಲಗೆ. ಆದ್ದರಿಂದ ಇಂಗ್ಲಿಷ್ ವಾಕ್ಯ ಓದುವಾಗ ಕ್ರಿಯಾಪದಕ್ಕಿಂತ ಮೊದಲು ಇಳಿದದ್ದು ಏನು ಎಂದು ನೋಡಿ. ಬೆಲೆಯೋ, ಬೆಲೆಯ ವೇಗವೋ? ಪ್ರೈಸಸ್ ಫೆಲ್ ಎನ್ನುವುದೂ ಇನ್‌ಫ್ಲೇಷನ್ ಫೆಲ್ ಎನ್ನುವುದೂ ಒಂದೇ ಅಲ್ಲ.

ಬೆಳವಣಿಗೆಯ ಮಾತಿಗೂ ಇದೇ ಅಳತೆ. ಕೊರೊನಾ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿ.ಡಿ.ಪಿ. ಶೇಕಡ 24.4ರಷ್ಟು ಕುಗ್ಗಿತು ಎಂದು ಲೆಕ್ಕ ಬಂತು. ಮರುವರ್ಷ ಅದೇ ಮೂರು ತಿಂಗಳಲ್ಲಿ ಶೇಕಡ 20.1ರ ದಾಖಲೆ ಬೆಳವಣಿಗೆ. ಕೇಳಲು ಎಷ್ಟು ಚೆಂದ! ಆದರೆ ನೂರಿದ್ದದ್ದು 75.6ಕ್ಕೆ ಬಿದ್ದು, ಅದರ ಮೇಲೆ ಶೇಕಡ 20.1 ಸೇರಿದರೆ 90.8. ಎರಡು ವರ್ಷ ಹಿಂದಿನ ಮಟ್ಟಕ್ಕೇ ಇನ್ನೂ ಬಂದಿಲ್ಲ. ಇದಕ್ಕೆ ಬೇಸ್ ಎಫೆಕ್ಟ್ ಎನ್ನುತ್ತಾರೆ. ಹೋದ ಪರೀಕ್ಷೆಯಲ್ಲಿ ಹತ್ತು ಅಂಕ ತೆಗೆದವನು ಈ ಸಲ ಇಪ್ಪತ್ತು ತೆಗೆದು, ‘ಶೇಕಡ ನೂರು ಪ್ರಗತಿ’ ಎಂದು ಅಪ್ಪನಿಗೆ ಹೇಳಿದ ಹಾಗೆ. ಅಪ್ಪಂದಿರು ಇದಕ್ಕೆ ಬಗ್ಗುವುದಿಲ್ಲ, ಓದುಗರು ಬಗ್ಗುತ್ತಾರೆ. ಅಂದ ಹಾಗೆ, ಕುಗ್ಗುವುದಕ್ಕೆ ನೆಗೆಟಿವ್ ಗ್ರೋತ್, ಡಿಗ್ರೋತ್ ಎಂದೆಲ್ಲ ಬರೆಯುತ್ತಾರೆ. ಡಿಗ್ರೋತ್ ಎಂಬುದು ನಮ್ಮ ದೇಶದ ಕಂಪನಿಗಳಿಗೆ ಬಹಳ ಪ್ರಿಯವಾದ ಪದ. ಫಾಲ್ ಎಂಬ ನಾಲ್ಕಕ್ಷರದ ಪದ ಇರುವಾಗ ಇವು ಯಾಕೆ ಬೇಕು ಎಂದು ನನಗೆ ಈವರೆಗೂ ಅರ್ಥವಾಗಿಲ್ಲ. ಅಥವಾ ಚೆನ್ನಾಗಿಯೇ ಅರ್ಥವಾಗಿದೆ.

ಶೇಕಡಾವಾರಿನಲ್ಲಿ ಇನ್ನೊಂದು ಗುಂಡಿ ಇದೆ. ಸಾಲ ಮಾಡಿದವರು ಇಲ್ಲಿ ಅನೇಕರಿದ್ದೀರಿ. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡ 4ರಿಂದ 4.4ಕ್ಕೆ ಏರಿಸಿತು. 2023ರ ಫೆಬ್ರುವರಿ ಹೊತ್ತಿಗೆ ಅದು 6.5 ಆಗಿತ್ತು. ಎಷ್ಟು ಏರಿತು? ‘ಶೇಕಡ ಎರಡೂವರೆ’ ಎಂದರೆ ತಪ್ಪು. ನಾಲ್ಕಕ್ಕೆ ಎರಡೂವರೆ ಸೇರಿದರೆ ಹಳೆಯ ದರಕ್ಕಿಂತ ಶೇಕಡ 62.5ರಷ್ಟು ಹೆಚ್ಚಾದಂತೆ. ಎರಡೂವರೆ ಎನ್ನಬೇಕಾದರೆ ಪರ್ಸೆಂಟೇಜ್ ಪಾಯಿಂಟ್ ಎನ್ನಬೇಕು. ಬ್ಯಾಂಕಿನವರು ಇದನ್ನೂ ನೂರು ಚೂರು ಮಾಡಿ ಬೇಸಿಸ್ ಪಾಯಿಂಟ್ ಎನ್ನುತ್ತಾರೆ. ಒಂದು ಪರ್ಸೆಂಟೇಜ್ ಪಾಯಿಂಟಿಗೆ ನೂರು ಬೇಸಿಸ್ ಪಾಯಿಂಟ್. ‘ಬರೀ ಐವತ್ತು ಬೇಸಿಸ್ ಪಾಯಿಂಟ್ ಹೆಚ್ಚಾಗಿದೆ ಸಾರ್’ ಎಂದು ಬ್ಯಾಂಕಿನಿಂದ ಫೋನ್ ಬಂದರೆ ಐವತ್ತನ್ನು ಕೇಳಿ ಹೆದರಬೇಡಿ, ಬರೀ ಎಂಬುದನ್ನು ಕೇಳಿ ಸುಮ್ಮನೂ ಆಗಬೇಡಿ. ಅರ್ಧ ಪರ್ಸೆಂಟೇಜ್ ಪಾಯಿಂಟ್ ಎಂದು ಬರೆದುಕೊಂಡು, ‘ಕಂತು ಎಷ್ಟಾಗುತ್ತದೆ, ಅಥವಾ ಎಷ್ಟು ತಿಂಗಳು ಜಾಸ್ತಿ ಕಟ್ಟಬೇಕು’ ಎಂದು ಕೇಳಿ. ಎಷ್ಟೋ ಸಲ ಕಂತನ್ನು ಹಾಗೇ ಬಿಟ್ಟು ತಿಂಗಳುಗಳನ್ನು ಹೆಚ್ಚಿಸಿರುತ್ತಾರೆ, ಸಾಲಗಾರನಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಗ್ರಾಹಕರ ಕಡೆಗೆ, ಅಂದರೆ ನನ್ನ ಕಚೇರಿಯ ನಿತ್ಯದ ಕೆಲಸಕ್ಕೆ ಬರೋಣ. ಒಂದು ಅಂಗಡಿ ಹೋದ ವರ್ಷ 40 ರೂಪಾಯಿಯ ನೂರು ಸಾಬೂನು ಮಾರಿತು ಎಂದಿಟ್ಟುಕೊಳ್ಳಿ. 4,000 ರೂಪಾಯಿ. ಈ ವರ್ಷ ಬೆಲೆ 45 ಮಾಡಿದರು, 96 ಸಾಬೂನು ಹೋಯಿತು. 4,320 ರೂಪಾಯಿ. ಸೇಲ್ಸ್ ಗ್ರೂ ಬೈ ಏಯ್ಟ್ ಪರ್ಸೆಂಟ್ ಎಂದು ಬರೆದರೆ ಸುಳ್ಳಲ್ಲ. ಸೇಲ್ಸ್ ಫೆಲ್ ಬೈ ಫೋರ್ ಪರ್ಸೆಂಟ್ ಎಂದು ಬರೆದರೂ ಸುಳ್ಳಲ್ಲ. ಮೊದಲನೆಯದು ವ್ಯಾಲ್ಯೂ ಗ್ರೋತ್, ದುಡ್ಡಿನ ಲೆಕ್ಕ. ಎರಡನೆಯದು ವಾಲ್ಯೂಮ್, ಬಿಲ್ಲೆಗಳ ಲೆಕ್ಕ. ಆ ನಾಲ್ಕು ಸಾಬೂನು ಕಡಿಮೆ ಕೊಂಡವರು ಯಾರು ಎಂದು ಕೇಳುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಅವರು ಸಣ್ಣ ಬಿಲ್ಲೆಗೆ ಇಳಿದಿರಬಹುದು, ಅಗ್ಗದ ಸಾಬೂನಿಗೆ ಹೋಗಿರಬಹುದು. ಇದಕ್ಕೆ ಡೌನ್‌ಟ್ರೇಡಿಂಗ್ ಎಂದು ಹೆಸರು. ಇನ್ನೊಂದು ಕಡೆ ಅದೇ ವರ್ಷ ದುಬಾರಿ ಸಾಬೂನಿನ ಮಾರಾಟ ಹೆಚ್ಚಾಗಿದ್ದರೆ ಅದು ಪ್ರೀಮಿಯಮೈಸೇಷನ್. ಎರಡೂ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ನಡೆಯಬಹುದು. ಸರಾಸರಿ ಮಾತ್ರ ನೋಡಿ ಬರೆದ ವರದಿಯಲ್ಲಿ ಎರಡೂ ಕಾಣುವುದಿಲ್ಲ.

ಶ್ರಿಂಕ್‌ಫ್ಲೇಷನ್ ಎಂಬ ಪದವನ್ನೂ ಕೇಳಿರುತ್ತೀರಿ. ಶ್ರಿಂಕ್ ಎಂದರೆ ಕುಗ್ಗು. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಐದು ರೂಪಾಯಿಯೇ ಇರುತ್ತದೆ, ಒಳಗಿನ ಬಿಸ್ಕತ್ತು ತೆಳ್ಳಗಾಗುತ್ತದೆ. ಇದನ್ನು ಹಿಡಿಯಲು ಸುಲಭ ದಾರಿಯಿದೆ. ಪೊಟ್ಟಣದ ಮೇಲೆ ಈಗ ಯೂನಿಟ್ ಸೇಲ್ ಪ್ರೈಸ್ ಎಂದು, ಒಂದು ಗ್ರಾಮಿಗೆ ಎಷ್ಟು ಎನ್ನುವುದನ್ನು ಅಚ್ಚು ಹಾಕಿರುತ್ತಾರೆ. ಮಕ್ಕಳೇ, ಅಂಗಡಿಯಲ್ಲಿ ನಿಮ್ಮ ಅಜ್ಜಿಗೆ ಅದನ್ನು ಓದಿ ಹೇಳಿ. ‘ಫಿಫ್ಟಿ ಪರ್ಸೆಂಟ್ ಎಕ್ಸ್‌ಟ್ರಾ’ ಎಂದು ಬರೆದಿದ್ದರೆ ಅದು ಅರ್ಧ ಬೆಲೆ ಅಲ್ಲ ಎಂದೂ ಹೇಳಿ. ನೂರು ಗ್ರಾಂ ಬದಲು ನೂರೈವತ್ತು ಕೊಟ್ಟರೆ ಸಿಕ್ಕ ರಿಯಾಯಿತಿ ಮೂರನೇ ಒಂದು ಭಾಗ ಮಾತ್ರ. ‘ಅಪ್ ಟು ಫಿಫ್ಟಿ ಪರ್ಸೆಂಟ್ ಆಫ್’ ಎಂಬಲ್ಲಿ ಅಪ್ ಟು ಯಾವಾಗಲೂ ಸಣ್ಣ ಅಕ್ಷರದಲ್ಲೇ ಇರುತ್ತದೆ. ಅದರ ಕನ್ನಡ ‘ವರೆಗೆ’. ಐವತ್ತರವರೆಗೆ ಎಂದರೆ ಐದೂ ಆಗಬಹುದು.

ಪದಗಳ ಬಣ್ಣದ ಬಗ್ಗೆ ಒಂದು ಮಾತು. ಕನ್ನಡ ಪತ್ರಿಕೆಯಲ್ಲಿ ಟೊಮೆಟೊ ಶತಕ ಬಾರಿಸುತ್ತದೆ, ಈರುಳ್ಳಿ ಕಣ್ಣೀರು ತರಿಸುತ್ತದೆ, ಅಡಿಕೆ ಧಾರಣೆ ನೆಲಕಚ್ಚುತ್ತದೆ. ಇಂಗ್ಲಿಷಿನಲ್ಲೂ ಸೋರ್, ಸ್ಕೈರಾಕೆಟ್, ಪ್ಲಂಜ್, ಕ್ರ್ಯಾಶ್ ಇವೆ. ನಮ್ಮ ಕಚೇರಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ಒಂದು ಗ್ರಾಫ್ ಕೊಟ್ಟು ನಾಲ್ಕು ವಾಕ್ಯ ಬರೆಯಿರಿ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಬಂದವರಲ್ಲಿ ಹೆಚ್ಚಿನವರು ದೊಡ್ಡ ಶಾಲೆಗಳಲ್ಲಿ ಓದಿದವರು. ಶೇಕಡ 3ರ ಏರಿಕೆಗೆ ಸ್ಕೈರಾಕೆಟೆಡ್ ಎಂದು ಬರೆದಿದ್ದರು. ಉತ್ತರ ಕರ್ನಾಟಕದ ಒಂದು ಸರ್ಕಾರಿ ಶಾಲೆಯಿಂದ ಬಂದ ಹುಡುಗಿ, ಮಾತಾಡುವಾಗ ತುಸು ತಡವರಿಸುತ್ತಿದ್ದವಳು, ಬರೆದದ್ದು ಇಷ್ಟು: ಮಾರಾಟ ಸ್ವಲ್ಪ ಏರಿತು, ದೀಪಾವಳಿ ತಿಂಗಳಲ್ಲಿ ತುದಿ ಮುಟ್ಟಿತು, ಆಮೇಲೆ ಹಳೆಯ ಮಟ್ಟಕ್ಕೆ ಮರಳಿತು, ಹೋದ ವರ್ಷವೂ ಹೀಗೇ ಆಗಿತ್ತು. ರೋಸ್ ಸ್ಲೈಟ್ಲಿ, ಪೀಕ್ಡ್, ರಿಟರ್ನ್ಡ್ ಟು. ಕೊನೆಯ ವಾಕ್ಯವನ್ನು ಬೇರೆ ಯಾರೂ ಬರೆದಿರಲಿಲ್ಲ, ಏಕೆಂದರೆ ಗ್ರಾಫಿನ ಎಡತುದಿಯನ್ನು ಯಾರೂ ನೋಡಿರಲಿಲ್ಲ. ಕೆಲಸ ಅವಳಿಗೆ ಸಿಕ್ಕಿತು. ಈಗ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಾಳೆ, ನನ್ನ ವಾಕ್ಯಗಳನ್ನೂ ತಿದ್ದುತ್ತಾಳೆ.

ಸ್ವಲ್ಪ, ತೀವ್ರ, ಸ್ಥಿರ, ಇವಿಷ್ಟಕ್ಕೆ ಸ್ಲೈಟ್, ಶಾರ್ಪ್, ಸ್ಟೆಡಿ ಸಾಕು. ‘ತೀವ್ರವಾಗಿ ಏರಿತು’, ರೋಸ್ ಶಾರ್ಪ್ಲಿ. ‘ತೀವ್ರ ಏರಿಕೆ’, ಎ ಶಾರ್ಪ್ ರೈಸ್. ನಮ್ಮ ‘ಆಗಿ’ ಅವರ ‘ಲಿ’. ಇಲ್ಲಿಂದ ನರ್ಸಿಂಗ್ ಓದಿ ವಿದೇಶಕ್ಕೆ ಹೋಗಲು ಐ.ಇ.ಎಲ್.ಟಿ.ಎಸ್. ಅಕಾಡೆಮಿಕ್ ಪರೀಕ್ಷೆ ಬರೆಯುವವರಿಗೂ ಇದು ಬೇಕಾಗುತ್ತದೆ. ಅಲ್ಲಿ ಬರವಣಿಗೆಯ ಮೊದಲ ಪ್ರಶ್ನೆಯೇ ಗ್ರಾಫೋ ಪಟ್ಟಿಯೋ ನೋಡಿ 150 ಪದ ಬರೆಯುವುದು.

ಈ ಇಂಗ್ಲಿಷ್ ನಮಗೆ ಪರಕೀಯ ಎಂಬ ಅಂಜಿಕೆ ಇದ್ದರೆ ಗ್ರೀನ್ ಶೂಟ್ಸ್ ಎಂಬ ಪದ ಕೇಳಿ. ಬಿದ್ದ ಆರ್ಥಿಕತೆ ಚೇತರಿಸಿಕೊಳ್ಳುವ ಮೊದಲ ಲಕ್ಷಣಕ್ಕೆ ಹಾಗೆನ್ನುತ್ತಾರೆ. 1991ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ನಾರ್ಮನ್ ಲ್ಯಾಮಂಟ್ ಹಸಿರು ಚಿಗುರು ಕಾಣುತ್ತಿದೆ ಎಂಬ ಅರ್ಥದ ಮಾತಾಡಿ, ಚಿಗುರು ಎಲ್ಲಿದೆ ಎಂದು ಜನರಿಂದ ಗೇಲಿ ಮಾಡಿಸಿಕೊಂಡರು. ಪದ ಮಾತ್ರ ಉಳಿಯಿತು. ಚಿಗುರು ಯಾವುದು, ಕಳೆ ಯಾವುದು ಎಂದು ಗುರುತಿಸುವುದನ್ನು ಈ ಊರಿನ ಮಕ್ಕಳಿಗೆ ಲಂಡನ್ನಿನವರು ಬಂದು ಕಲಿಸಬೇಕಿಲ್ಲ.

ಊಟದ ಹೊತ್ತಾಯಿತು, ಪಾಯಸದ ವಾಸನೆ ನನಗೂ ಬರುತ್ತಿದೆ. ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಗ್ರಂಥಾಲಯದ ಗೋಡೆಗೆ ಕಳೆದ ಹನ್ನೆರಡು ತಿಂಗಳ ಅಡಿಕೆ ಧಾರಣೆಯ ಪಟ್ಟಿ ಅಂಟಿಸಿದ್ದೇನೆ. ಒಂಬತ್ತು, ಹತ್ತನೇ ತರಗತಿಯವರು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ವಾಕ್ಯ ಬರೆದು ನಿಮ್ಮ ಇಂಗ್ಲಿಷ್ ಮೇಡಂ ಹತ್ತಿರ ಕೊಡಿ. ಎಲ್ಲಿಂದ, ಎಲ್ಲಿಗೆ, ಎಷ್ಟು, ಯಾವುದಕ್ಕೆ ಹೋಲಿಸಿದರೆ, ಇವು ನಾಲ್ಕೂ ಇರಲಿ. ಈ ತಿಂಗಳ ಕೊನೆಯೊಳಗೆ ತಿದ್ದಿ ಕಳಿಸುತ್ತೇನೆ. ಸ್ಕೈರಾಕೆಟ್ ಎಂದು ಬರೆದವರದ್ದನ್ನು ಕೊನೆಗೆ ತಿದ್ದುತ್ತೇನೆ.